ಕಾರಿನ ಇಸವಿಯೂ ಕಾರಿನ ಗುಣವೂ

ಕುವೈತಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಅದರಲ್ಲಿಯೂ ಅಹ್ಮದಿ, ಫಹಾಹೀಲ್, ಮಂಗಾಫ್‌ಗಳ ಕಡೆ ತೈಲೋದ್ಯಮವನ್ನು ಆಶ್ರಯಿಸಿ ಬದುಕುತ್ತಿರುವ ತರುಣ ಎಂಜಿನಿಯರುಗಳಲ್ಲಿ, ಊರಿನಲ್ಲಿ ಕನಸಿಗೂ ಎಟುಕದಿದ್ದ ಸ್ಪೋರ್ಟ್ಸ್ ಕಾರೊಂದನ್ನು ಹಳೆಯದಾದರೂ ಸರಿಯೆ ಕೊಳ್ಳಬೇಕೆಂಬ ಅಭಿಲಾಷೆ ಹುಟ್ಟುವುದು ಅಸಹಜವೇನೂ ಅಲ್ಲ. ಭಾರತದಲ್ಲಿ ಬೆಲೆಬಾಳುವ ವಿದೇಶೀ ಕಾರುಗಳ ಮೇಲೆ ಬಹುಕಾಲದಿಂದ ಶೇಕಡಾ 100ರ ಆಸುಪಾಸಿನ ಆಮದುಸುಂಕವಿದ್ದರೆ, ಕೊಲ್ಲಿ ರಾಷ್ಟ್ರಗಳ ಸಮಾನ ಸುಂಕವು ಶೇಕಡಾ 5 ಮಾತ್ರ. ಆದಕಾರಣ ಪೋರ್ಷೆ, ಮಸ್ಟಾಂಗ್, ನಿಸ್ಸಾನ್ ಝಡ್ ಮೊದಲಾದ ಕಾರುಗಳು ಒಂದೆರಡು ಕೈ ದಾಟಿದ ಮೇಲೆ ಸಂಬಳದ ಮೇಲೆ ಬದುಕುವವನ ಉಳಿತಾಯಕ್ಕೂ ನಿಲುಕುವಷ್ಟು ಕೆಳಗಿಳಿಯುತ್ತವೆ. ಆ ಅಭಿಲಾಷೆಯ ಯುಕ್ತಾಯುಕ್ತತೆ ಇಲ್ಲಿ ವಿಚಾರಕ್ಕೆ ವಿಷಯವಲ್ಲ. ವಿಚಾರಾರ್ಹವಾದುದು, ಅಭಿಲಾಷೆಯು ನಿರ್ಧಾರವಾಗಿ ಮಾಗುವ ಹಾದಿಯಲ್ಲಿ ಬಹುಮಂದಿಯನ್ನು ಕೈಹಿಡಿದು ನಡೆಸುವ ಒಂದು ನಂಬಿಕೆ: ಕೈಯಲ್ಲಿರುವ ಹಣಕ್ಕೆ ದೊರೆಯುವ ಅತ್ಯಂತ ಈಚಿನ ಇಸವಿಯ ಕಾರೇ ಅತ್ಯುತ್ತಮವಾದ ಕಾರು ಎಂಬುದು. ಕೊಳ್ಳುವವನ ಮೊದಲ ಪ್ರಶ್ನೆ ಅದೇ, ಮಾರುವವನ ಮೊದಲ ಹೆಗ್ಗಳಿಕೆಯೂ ಅದೇ. ಈ ನಂಬಿಕೆಯೊಳಗೆ ಬೇರೆಬೇರೆಯಾಗಿ ನಿಲ್ಲಬೇಕಾದ ಹಲವು ಸಂಗತಿಗಳು ಕಲಸಿಹೋಗಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಪೂರ್ವಪಕ್ಷವನ್ನು ಅದರ ಪ್ರಬಲ ರೂಪದಲ್ಲಿಯೇ ಮಂಡಿಸುವುದು ನ್ಯಾಯ. ಯಂತ್ರವು ಬಳಕೆಯಿಂದ ಸವೆಯುತ್ತದೆ, ಕಾಲದಿಂದ ಜೀರ್ಣವಾಗುತ್ತದೆ; ಆದ್ದರಿಂದ ಕಡಿಮೆ ವಯಸ್ಸಿನ ಯಂತ್ರದಲ್ಲಿ ಉಳಿದಿರುವ ಆಯುಷ್ಯ ಹೆಚ್ಚು. ತಯಾರಕನು ವರ್ಷದಿಂದ ವರ್ಷಕ್ಕೆ ತನ್ನ ತಪ್ಪುಗಳನ್ನು ತಿದ್ದಿಕೊಳ್ಳುತ್ತಾನೆ. ಆದ್ದರಿಂದ ಈಚಿನ ಕಾರಿನಲ್ಲಿ ದೋಷ ಕಡಿಮೆ. ಪೇಟೆಯು ಇಸವಿಯನ್ನು ನೋಡಿಯೇ ಬೆಲೆ ಕಟ್ಟುತ್ತದೆ. ಆದ್ದರಿಂದ ಮುಂದೆ ಮಾರುವಾಗ ಈಚಿನದಕ್ಕೆ ಗಿರಾಕಿ ಸುಲಭವಾಗಿ ಸಿಕ್ಕುತ್ತಾನೆ. ಈ ಮೂರು ಆಧಾರಗಳೂ ಗೌರವಾರ್ಹವಾದವು. ಅಪಾರ ಸಂಖ್ಯೆಯಲ್ಲಿ ತಯಾರಾಗಿ ಹೆಚ್ಚುಕಡಿಮೆ ಒಂದೇ ಬಗೆಯ ಬಳಕೆಗೆ ಒಳಗಾಗುವ ಕ್ಯಾಮ್ರಿ, ಕೊರೊಲಾಗಳಂಥ ಸಂಸಾರೋಪಯೋಗಿ ಕಾರುಗಳ ಮಟ್ಟಿಗೆ ಬಹುಪಾಲು ನಿಜವೂ ಹೌದು. ಇದೇ ನಂಬಿಕೆಗೆ ಇನ್ನಷ್ಟು ಸಂಸ್ಕರಿಸಿದ ಮತ್ತೊಂದು ರೂಪವೂ ಉಂಟು: ಯಾವ ಕಾರಿನದೇ ಆಗಲಿ, ಒಂದು ತಲೆಮಾರಿನ ಮೊದಲ ವರ್ಷದ ಮಾಡೆಲನ್ನು ಮುಟ್ಟಬಾರದು, ಕಡೆಯ ವರ್ಷದ್ದನ್ನು ಬಿಡಬಾರದು ಎಂಬುದು ಅದು. ವಿಷಯಜ್ಞರೆನಿಸಿಕೊಂಡವರು ಸಾಮಾನ್ಯವಾಗಿ ಹೇಳುವುದು ಈ ಎರಡನೆಯದನ್ನು. ಎರಡರ ಮೂಲದಲ್ಲಿಯೂ ಇರುವ ಗ್ರಹಿಕೆ ಒಂದೇ. ಇಸವಿಯೆಂಬುದು ಕಾರಿನ ಗುಣವನ್ನು ಅಳೆಯುವ ಮಾನದಂಡ, ಆ ಅಂಕಿ ಮೇಲೇರಿದಂತೆ ಗುಣವೂ ಮೇಲೇರುತ್ತದೆ ಎಂಬುದೇ ಆ ಗ್ರಹಿಕೆ.

ಇದನ್ನು ಪರೀಕ್ಷಿಸಬೇಕಾದರೆ, ಆ ಒಂದು ಅಂಕಿಯ ಕೆಳಗೆ ಅಡಗಿರುವ ಸಂಗತಿಗಳನ್ನು ಮೊದಲು ಬಿಡಿಸಿಡಬೇಕು. ಅವು ನಾಲ್ಕು. ಒಂದು, ಕಾರಿನ ರಚನೆ, ಎಂದರೆ ಯಾವ ಎಂಜಿನು, ಯಾವ ಗೇರುಪೆಟ್ಟಿಗೆ, ಯಾವ ಬೇರಿಂಗು ಎಂಬುದು. ಎರಡು, ಆ ಕಾರು ಕಾರ್ಖಾನೆಯಿಂದ ಹೊರಬಿದ್ದ ತಿಂಗಳು. ಮೂರು, ಅದು ಮೊದಲ ಒಡೆಯನ ಹೆಸರಿನಲ್ಲಿ ದಾಖಲಾಗಿ ರಸ್ತೆಗಿಳಿದ ದಿನ. ನಾಲ್ಕು, ಅಂದಿನಿಂದ ಇಂದಿನವರೆಗೆ ಅದು ಬಾಳಿದ ಬಾಳು. ಮೊದಲನೆಯದು ಆ ಕಾರಿನ ಜಾತಿಗೆಲ್ಲ ಸೇರಿದ ಸಂಗತಿ. ಮಿಕ್ಕ ಮೂರೂ ಆ ಒಂದು ಕಾರಿಗೆ ಮಾತ್ರ ಸೇರಿದವು. ಜಾತಿಗೆ ಸಲ್ಲುವ ಮಾತನ್ನು ವ್ಯಕ್ತಿಗೂ, ವ್ಯಕ್ತಿಗೆ ಸಲ್ಲುವ ಮಾತನ್ನು ಜಾತಿಗೂ ಅಂಟಿಸುವುದರಿಂದಲೇ ಗೊಂದಲವೆಲ್ಲ ಹುಟ್ಟಿದೆ. ಪಂಚಾಂಗದಲ್ಲಿ ಮಳೆನಕ್ಷತ್ರವನ್ನು ನೋಡಿ ಊರ ಕೆರೆಯಲ್ಲಿ ಎಷ್ಟು ಆಳ ನೀರಿದೆಯೆಂದು ಹೇಳಹೊರಟರೆ ಹೇಗೋ, ಇಸವಿಯೊಂದನ್ನೇ ನೋಡಿ ಕಾರಿನ ಸ್ಥಿತಿಯನ್ನು ನಿರ್ಣಯಿಸುವುದೂ ಹಾಗೆಯೆ.

ಮೊದಲು ರಚನೆಯ ವಿಚಾರ. ಕಾರಿನ ರಚನೆಯು ವರ್ಷಕ್ಕಿಷ್ಟು ಎಂಬಂತೆ ಸಮಗತಿಯಲ್ಲಿ ಸುಧಾರಿಸುವುದಿಲ್ಲ. ಕೆಲವು ವರ್ಷ ಇದ್ದಲ್ಲಿಯೇ ನಿಂತು, ಒಂದು ವರ್ಷ ಥಟ್ಟನೆ ಬದಲಾಗುತ್ತದೆ. ಫೋರ್ಡ್ ಮಸ್ಟಾಂಗ್ ಜಿ.ಟಿ.ಯನ್ನು ನೋಡಿ. 2010ರ ಮಾಡೆಲಿನಲ್ಲಿದ್ದುದು 4.6 ಲೀಟರಿನ, 315 ಅಶ್ವಶಕ್ತಿಯ ಎಂಜಿನು. 2011ರ ಮಾಡೆಲಿಗೆ ಬಂದುದು 5.0 ಲೀಟರಿನ, 412 ಅಶ್ವಶಕ್ತಿಯ ಹೊಸ ಎಂಜಿನು. ಹೊರಗಿನಿಂದ ನೋಡಿದವನಿಗೆ ಎರಡೂ ಒಂದೇ ಕಾರಿನಂತೆ ಕಾಣುತ್ತವೆ. ಒಳಗಿನ ಅಂತರ ಮಾತ್ರ ಒಂದೇ ವರ್ಷದಲ್ಲಿ 97 ಅಶ್ವಶಕ್ತಿಗಳಷ್ಟು. ಆದರೆ 2011ಕ್ಕೂ 2012ಕ್ಕೂ ನಡುವೆ ಎಂಜಿನಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮತ್ತೆ 2015ರಲ್ಲಿ ತಲೆಮಾರೇ ಬದಲಾಗಿ, ಹಿಂದಿನ ಎರಡು ಚಕ್ರಗಳೂ ಸ್ವತಂತ್ರವಾಗಿ ಏರಿಳಿಯುವ ಸಸ್ಪೆನ್ಷನ್ ಬಂದಿತು. ಹೀಗಿರಲಾಗಿ, 2010ರಿಂದ 2011ಕ್ಕೆ ಏರಲು ಹೆಚ್ಚು ಹಣ ತೆರುವುದರಲ್ಲಿ ಅರ್ಥವಿದೆ. 2011ರಿಂದ 2012ಕ್ಕೆ ಏರಲು ಅಷ್ಟೇ ಹಣ ತೆರುವುದರಲ್ಲಿ ರಚನೆಯ ದೃಷ್ಟಿಯಿಂದ ಅರ್ಥವಿಲ್ಲ. ಒಂದು ವರ್ಷದ ಅಂತರವೆಂಬುದು ಒಂದೆಡೆ ಬಹುವಾಗಿಯೂ ಇನ್ನೊಂದೆಡೆ ಶೂನ್ಯವಾಗಿಯೂ ಇರುವಾಗ ಅದನ್ನು ಮಾನದಂಡವೆಂದು ಕರೆಯುವುದು ಹೇಗೆ?

ಬದಲಾವಣೆಯು ಮೆಟ್ಟಿಲುಮೆಟ್ಟಿಲಾಗಿ ಬಂದರೂ ಪ್ರತಿಯೊಂದು ಮೆಟ್ಟಿಲೂ ಮೇಲಕ್ಕೇ ಒಯ್ಯುತ್ತದೆಯಲ್ಲವೆ ಎಂದು ಪೂರ್ವಪಕ್ಷಿಯು ಕೇಳಬಹುದು. ಅದೂ ಸಿದ್ಧವಾದ ಮಾತಲ್ಲ. ಕೊಲ್ಲಿಯ ರಸ್ತೆಗಳಲ್ಲಿ ಚಿರಪರಿಚಿತವಾದ ನಿಸ್ಸಾನ್ 350 ಝಡ್ 2003ರ ಮಾಡೆಲಾಗಿ ಬಂದಾಗ ಅದರ ಎಂಜಿನಿಗೆ 287 ಅಶ್ವಶಕ್ತಿ. 2005ರಲ್ಲಿ ಕೆಲವು ಕಾರುಗಳಿಗೂ 2006ರಲ್ಲಿ ಕೈಗೇರಿನ ಕಾರುಗಳಿಗೂ ಅದೇ ಎಂಜಿನನ್ನು 300 ಅಶ್ವಶಕ್ತಿಗೆ ಏರಿಸಿದರು. ಎಣ್ಣೆ ಕುಡಿಯುವ ಎಂಜಿನು ಎಂಬ ಅಪಖ್ಯಾತಿ ಬಂದುದು ಆ ಏರಿಸಿದ ಎಂಜಿನಿಗೇ ಹೊರತು ಹಳೆಯದಕ್ಕಲ್ಲ. 2007ರಲ್ಲಿ ಮತ್ತೊಂದು ಹೊಸ ಎಂಜಿನು ಬಂದು ಆ ದೋಷ ನೀಗಿತು. ಆದರೆ ಅದರೊಡನೆ ಟೈಮಿಂಗ್ ಕವಚದ ಹಿಂದೆ ಎಣ್ಣೆಯ ಹಾದಿಯನ್ನು ಮುಚ್ಚುವ ಕಾಗದದ ಗ್ಯಾಸ್ಕೆಟ್ ಒಡೆದು ಎಣ್ಣೆಯ ಒತ್ತಡ ಕುಸಿಯುವ ಬೇರೊಂದು ದೋಷ ಸೇರಿಕೊಂಡಿತು, ಮತ್ತು 2009ರಲ್ಲಿ ಬಂದ 370 ಝಡ್‌ನ ಮೊದಲ ವರ್ಷಗಳಿಗೂ ಅದು ಮುಂದುವರಿಯಿತು. ಆ ಮೊದಲ ವರ್ಷಗಳ 370 ಝಡ್ ಕಾರುಗಳು ಬಿಸಿಲಿನಲ್ಲಿ ವೇಗವಾಗಿ ಓಡಿದಾಗ ಎಣ್ಣೆ ಅತಿಯಾಗಿ ಕಾದು, ಎಂಜಿನು ತನ್ನನ್ನು ತಾನೇ ನಿರ್ಬಂಧಿಸಿಕೊಳ್ಳುತ್ತಿತ್ತು. ಆಯಿಲ್ ಕೂಲರ್ ಕಾರ್ಖಾನೆಯಿಂದಲೇ ಬರತೊಡಗಿದುದು ಆಮೇಲೆ, ಅದೂ ಕೆಲವು ಆವೃತ್ತಿಗಳಲ್ಲಿ. ಒಂದು ದೋಷವನ್ನು ತಿದ್ದಿದ ಕೈಯೇ ಇನ್ನೊಂದನ್ನು ತಂದಿಡಬಲ್ಲದು. ಯಂತ್ರದ ಚರಿತ್ರೆ ಏಕಮುಖವಾದ ಪ್ರಗತಿಯ ಚರಿತ್ರೆಯಲ್ಲ.

ಇನ್ನು ಮೊದಲ ವರ್ಷ, ಕಡೆಯ ವರ್ಷಗಳ ಸೂತ್ರ. ಇದನ್ನು ಒರೆಹಚ್ಚಲು ಪೋರ್ಷೆ 911 ಮತ್ತು ಬಾಕ್ಸ್‌ಸ್ಟರ್ ಕಾರುಗಳಿಗಿಂತ ಒಳ್ಳೆಯ ಉದಾಹರಣೆ ದೊರೆಯಲಾರದು. 1990ರ ದಶಕದ ಉತ್ತರಾರ್ಧದಲ್ಲಿ ಬಂದ, ನೀರಿನಿಂದ ತಂಪಾಗುವ ಅವುಗಳ ಎಂಜಿನಿನಲ್ಲಿ ಕ್ಯಾಮ್‌ಷಾಫ್ಟುಗಳಿಗೆ ಚಾಲನೆಯನ್ನು ಒಯ್ಯುವ ಒಂದು ಮಧ್ಯದ ಷಾಫ್ಟ್ ಇದೆ, ಬಲ್ಲವರು ಐ.ಎಂ.ಎಸ್. ಎಂದು ಕರೆಯುವುದು ಅದನ್ನೇ. ಅದರ ತುದಿಯ ಬೇರಿಂಗು ಮುರಿದರೆ ಎಂಜಿನಿಗೆ ಎಂಜಿನೇ ಹಾಳು. ಮೊದಲ ವರ್ಷಗಳಲ್ಲಿ ಆ ಬೇರಿಂಗಿನಲ್ಲಿ ಗುಂಡುಗಳ ಎರಡು ಸಾಲುಗಳಿದ್ದವು. 2000ದ ಸುಮಾರಿನಿಂದ 2005ರವರೆಗೆ ಒಂದೇ ಸಾಲು. 2006ರಿಂದ 2008ರವರೆಗೆ ಒಂದೇ ಸಾಲಿನದಾದರೂ ದೊಡ್ಡದಾದ, ಎಂಜಿನನ್ನೇ ಸೀಳದೆ ಹೊರತೆಗೆಯಲಾಗದ ಬೇರಿಂಗು. 2009ರ ಮಾಡೆಲಿನ ಹೊಸ ಎಂಜಿನಿನಲ್ಲಿ ಆ ಷಾಫ್ಟೇ ಇಲ್ಲ. ಅಮೆರಿಕದಲ್ಲಿ ನಡೆದ ಸಾಮೂಹಿಕ ದಾವೆಯ ಕಾಲಕ್ಕೆ ಹೊರಬಂದ ಲೆಕ್ಕದಂತೆ ಎರಡು ಸಾಲಿನ ಬೇರಿಂಗುಗಳಲ್ಲಿ ಕೆಟ್ಟವು ಶೇಕಡಾ 1ಕ್ಕಿಂತ ಕಡಿಮೆ, ಒಂದು ಸಾಲಿನವುಗಳಲ್ಲಿ ಶೇಕಡಾ 8ರಷ್ಟು. ಎಂದಮೇಲೆ, ಈ ಅಂಶದ ಮಟ್ಟಿಗೆ 1999ರ ಕಾರು 2004ರದಕ್ಕಿಂತ ಮೇಲು. ಹೊಸ ಎಂಜಿನಿನ ಮೊದಲ ವರ್ಷವಾದ 2009, ಹಳೆಯ ಎಂಜಿನಿನ ಕಡೆಯ ವರ್ಷವಾದ 2008ಕ್ಕಿಂತ ಮೇಲು. ಸಾಲದುದಕ್ಕೆ, 2004ರ ಸಾಧಾರಣ 911ರಲ್ಲಿರುವ ಈ ಭಯ ಅದೇ 2004ರ 911 ಟರ್ಬೋದಲ್ಲಿ ಇಲ್ಲ, ಏಕೆಂದರೆ ಅದರ ಎಂಜಿನು ಬೇರೊಂದು ವಂಶದ್ದು. ಒಂದೇ ಇಸವಿ, ಒಂದೇ ಆಕಾರ, ಎರಡು ಭಿನ್ನವಾದ ವಿಧಿ. ಮೊದಲ ಸೂತ್ರ ಮಾತ್ರವಲ್ಲ, ಎರಡನೆಯದೂ ಇಲ್ಲಿ ನಿಲ್ಲುವುದಿಲ್ಲ.

ಆದರೆ ಈ ಉದಾಹರಣೆಯಿಂದಲೇ ಇನ್ನೊಂದು ಪಾಠವನ್ನೂ ತೆಗೆಯಬೇಕು. ಶೇಕಡಾ 8 ಕೆಟ್ಟವೆಂದರೆ ಶೇಕಡಾ 92 ಕೆಡಲಿಲ್ಲವೆಂದೂ ಅರ್ಥ. ಯಾವನೋ ಜಾಗರೂಕನಾದ ಒಡೆಯನು ಕ್ಲಚ್ಚು ಬದಲಿಸುವಾಗಲೇ ಆ ಬೇರಿಂಗನ್ನೂ ಉತ್ತಮವಾದುದರಿಂದ ಬದಲಿಸಿ, ಅದರ ರಶೀದಿಯನ್ನು ಕಾಪಾಡಿಕೊಂಡು ಬಂದಿದ್ದರೆ, ಅವನ 2003ರ ಕಾರು ಯಾರೂ ಏನನ್ನೂ ನೋಡದೆ ಓಡಿಸಿದ 2006ರ ಕಾರಿಗಿಂತ ನೆಮ್ಮದಿಯ ಸ್ವತ್ತು. ರಚನೆಯ ಜ್ಞಾನವು ಎಲ್ಲಿ ಹುಡುಕಬೇಕು, ಏನನ್ನು ಕೇಳಬೇಕು ಎಂಬುದನ್ನು ಹೇಳುತ್ತದೆ. ಮುಂದಿರುವ ಕಾರಿನ ಸ್ಥಿತಿಯನ್ನು ಅದು ಹೇಳಲಾರದು.

ಈಗ ಎರಡನೆಯ, ಮೂರನೆಯ ಸಂಗತಿಗಳು. ತಯಾರಕರ ಮಾಡೆಲ್ ವರ್ಷವು ಪಂಚಾಂಗದ ವರ್ಷವಲ್ಲ. 2009ರ ಮಾಡೆಲೆಂದು ಕರೆಯುವ ಕಾರು 2008ರ ಶರತ್ಕಾಲದಲ್ಲಿಯೇ ಹುಟ್ಟಿರಬಹುದು. 2008ರ ಮಾಡೆಲೊಂದು ಮಾರಾಟವಾಗದೆ ನಿಂತು ಬಹಳ ತಡವಾಗಿ ಮೊದಲ ಒಡೆಯನ ಹೆಸರಿಗೆ ದಾಖಲಾಗಿರಬಹುದು. ಕಾರಿನ ನೋಂದಣಿಯ ದಫ್ತರಿನಲ್ಲಿ ನಮೂದಾದ ಒಂದು ಅಂಕಿ ಇವುಗಳೆಲ್ಲವನ್ನೂ ಹೇಳಲು ಶಕ್ತವಲ್ಲ. ಅಮೆರಿಕದ ಕಾರುಗಳಲ್ಲಿ ಷಾಸಿಯ ಹದಿನೇಳು ಅಕ್ಷರಗಳ ಸಂಖ್ಯೆಯ ಹತ್ತನೆಯ ಸ್ಥಾನ ಮಾಡೆಲ್ ವರ್ಷವನ್ನು ಸೂಚಿಸುತ್ತದೆ: 2008ಕ್ಕೆ 8, 2009ಕ್ಕೆ 9, 2010ಕ್ಕೆ ಎ, 2011ಕ್ಕೆ ಬಿ, ಹೀಗೆ. ಆದರೆ ಆ ಅಕ್ಷರವೂ ರಚನೆಯ ಗುರುತೇ ಹೊರತು ಬಾಳಿನ ದಾಖಲೆಯಲ್ಲ. ಅಮೆರಿಕದಿಂದ ಕುವೈತಿಗೆ ಬಂದ ಕಾರುಗಳ ವಿಷಯದಲ್ಲಂತೂ ಈ ವಿವೇಚನೆ ಇನ್ನೂ ಅಗತ್ಯ. ಅಲ್ಲಿ ಅಪಘಾತವಾಗಿ ವಿಮಾ ಕಂಪನಿ ಕೈಬಿಟ್ಟ ಕಾರುಗಳು ಹರಾಜಾಗಿ, ಹಡಗೇರಿ, ಬೇರೆ ದೇಶದಲ್ಲಿ ಬಣ್ಣ ಹೊಡೆಸಿಕೊಂಡು ನಿಲ್ಲುವುದುಂಟು. ಅವುಗಳ ಓಡೋಮೀಟರಿನ ಅಂಕಿ ಮೈಲಿಗಳಲ್ಲಿರುವುದರಿಂದ 60,000ವೆಂದು ಕಂಡದ್ದು ವಾಸ್ತವವಾಗಿ 96,000 ಕಿಲೋಮೀಟರಿಗೂ ಹೆಚ್ಚು. ಕೊಲ್ಲಿಯ ಬಿಸಿಲಿಗೆಂದೇ ಸಜ್ಜುಗೊಳಿಸಿ ಇಲ್ಲಿನ ಏಜೆನ್ಸಿಯ ಮೂಲಕ ಬಂದ, ಎರಡು ವರ್ಷ ಹಳೆಯದಾದ ಕಾರಿಗಿಂತ ಇಂಥದು ಇಸವಿಯಲ್ಲಿ ಮುಂದಿದ್ದ ಮಾತ್ರಕ್ಕೆ ಗುಣದಲ್ಲಿ ಮುಂದಿದೆಯೆನ್ನುವುದು ಸಾಹಸದ ಮಾತು.

ನಾಲ್ಕನೆಯದಾದ ಬಾಳಿನ ವಿಚಾರಕ್ಕೆ ಬಂದಾಗ, ಕುವೈತಿನ ವಾಯುಗುಣವು ವಾದಕ್ಕೆ ಬೇರೆಯದೇ ತೂಕವನ್ನು ತರುತ್ತದೆ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ 53.9 ಡಿಗ್ರಿ ಸೆಲ್ಸಿಯಸ್ ತಾಪವನ್ನು ವಿಶ್ವ ಹವಾಮಾನ ಸಂಸ್ಥೆ ಪರಿಶೀಲಿಸಿ ಒಪ್ಪಿಕೊಂಡಿದೆ. ಇಂಥ ನಾಡಿನಲ್ಲಿ ನೆಲಮಾಳಿಗೆಯ ನೆರಳಿನಲ್ಲಿ ನಿಂತ ಕಾರಿಗೂ ಸಾಲ್ಮಿಯಾದ ಬಯಲಿನಲ್ಲಿ ಬಿಸಿಲಿಗೆ ನಿಂತ ಕಾರಿಗೂ ಇರುವ ಅಂತರ, ಎರಡು ಮೂರು ವರ್ಷಗಳ ವಯೋಭೇದಕ್ಕಿಂತ ಹಿರಿದು: ರಬ್ಬರು ಗಟ್ಟಿಯಾಗುತ್ತದೆ, ನೀರಿನ ಪ್ಲಾಸ್ಟಿಕ್ ತೊಟ್ಟಿ ಬಿರಿಯುತ್ತದೆ, ಮುಂಬಂಪರಿನ ಹಿಂದಿರುವ ಪೋರ್ಷೆಯ ರೇಡಿಯೇಟರುಗಳಲ್ಲಿ ಮರಳೂ ಧೂಳೂ ಸೇರಿ ಗಾಳಿಯ ಹಾದಿಯನ್ನು ಕಟ್ಟುತ್ತವೆ. ಬೇಸಗೆಯಲ್ಲಿ ಒಡೆಯನು ಅಂಗಡಿಗೆ ಹೋಗಿ ಬರುವವರೆಗೂ ಎ.ಸಿ.ಗಾಗಿ ಎಂಜಿನನ್ನು ಓಡುತ್ತಲೇ ಬಿಡುವುದು ಇಲ್ಲಿನ ವಾಡಿಕೆ. ಆ ಗಂಟೆಗಳು ಎಂಜಿನಿನ ಆಯುಷ್ಯದಿಂದ ಕಳೆಯುತ್ತವೆ, ಆದರೆ ಓಡೋಮೀಟರಿನಲ್ಲಿ ಕಾಣುವುದಿಲ್ಲ. 2018ರ ನವೆಂಬರಿನಲ್ಲಿ ಸುರಿದ ಮಳೆಗೆ ಫಹಾಹೀಲ್ ಮೊದಲಾದ ಕಡೆ ರಸ್ತೆಗಳು ಮುಳುಗಿ, ಲೋಕೋಪಯೋಗಿ ಸಚಿವರು ರಾಜೀನಾಮೆ ಕೊಡುವವರೆಗೂ ಹೋದುದನ್ನು ಇಲ್ಲಿದ್ದವರು ಮರೆತಿರಲಾರರು. ಅಂದು ನೀರಿನಲ್ಲಿ ನಿಂತ 2018ರ ಹೊಸ ಕಾರು, ಮಳೆಗೆ ಸಿಕ್ಕದೆ ಉಳಿದ 2012ರದರ ಮುಂದೆ ಯಾವ ಬೆಲೆಗೆ ಅರ್ಹ? ಟಕಾಟಾ ಕಂಪನಿಯ ಏರ್‌ಬ್ಯಾಗುಗಳ ಪ್ರಕರಣವೂ ಇದನ್ನೇ ಹೇಳುತ್ತದೆ. ಶಾಖ, ತೇವ, ಕಾಲ ಮೂರೂ ಸೇರಿ ಅವುಗಳೊಳಗಿನ ಸ್ಫೋಟಕ ಕೆಡುವುದೆಂದು ತಿಳಿದಾಗ, 2005ರಿಂದ 2014ರವರೆಗಿನ ಮಸ್ಟಾಂಗ್ ತಲೆಮಾರಿಡೀ ಹಿಂದಕ್ಕೆ ಕರೆಸಿಕೊಳ್ಳುವ ಪಟ್ಟಿಯಲ್ಲಿ ಸೇರಿತು. ಅಲ್ಲಿ 2013 ಮೇಲೋ 2007 ಮೇಲೋ ಎಂಬ ಪ್ರಶ್ನೆಯೇ ನಿರರ್ಥಕ. ಈ ಕಾರಿನ ಏರ್‌ಬ್ಯಾಗು ಬದಲಾಗಿದೆಯೇ ಎಂಬುದೊಂದೇ ಸಾರ್ಥಕವಾದ ಪ್ರಶ್ನೆ.

ಇದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಮೂರು ಗಂಭೀರವಾದವು. ಮೊದಲನೆಯದು ಮರುಮಾರಾಟದ್ದು. ಕುವೈತಿನ ಕನ್ನಡಿಗನ ವಾಸ ಅವನ ಇಕಾಮಾದ, ಎಂದರೆ ವಾಸದ ಪರವಾನಗಿಯ, ಅವಧಿಗೆ ಕಟ್ಟುಬಿದ್ದದ್ದು. ಕೆಲಸ ಹೋದರೆ ಕೆಲವೇ ವಾರಗಳಲ್ಲಿ ಕಾರನ್ನು ಮಾರಿ ಹೊರಡಬೇಕಾದೀತು. ಎಡಬದಿಯ ಸ್ಟಿಯರಿಂಗಿನ ಆ ಕಾರನ್ನು ಭಾರತದ ಆಮದುನಿಯಮ ಒಳಗೆ ಬಿಡುವುದೂ ಇಲ್ಲ. ಹೀಗಿರುವಾಗ ಪೇಟೆಯು ಇಸವಿಯನ್ನು ಪೂಜಿಸುವುದಾದರೆ, ತಾನೂ ಪೂಜಿಸದೆ ಗತಿಯೇನು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ, ಮತ್ತು ಒಂದೆರಡು ವರ್ಷದೊಳಗೆ ಮಾರಬೇಕಾದವನಿಗೆ ಅದು ನಿರ್ಣಾಯಕವೂ ಆಗಬಹುದು. ಆದರೆ ಪೇಟೆಯು ಇಸವಿಗೆ ಕಟ್ಟುವ ಹೆಚ್ಚಿನ ಬೆಲೆಯನ್ನು ಕೊಳ್ಳುವಾಗ ನಾವೇ ತೆತ್ತಿರುತ್ತೇವೆ. ಮಾರುವಾಗ ಅದರಲ್ಲೊಂದು ಭಾಗ ಮಾತ್ರ ಹಿಂದಕ್ಕೆ ಬರುತ್ತದೆ. ಈಚಿನ ಕಾರು ಹೆಚ್ಚು ಬೆಲೆಗೆ ಹೋಗುತ್ತದೆಂಬುದರಿಂದ ಅದರಲ್ಲಿ ನಷ್ಟ ಕಡಿಮೆ ಎಂದಾಗುವುದಿಲ್ಲ. ಇಸವಿಯ ಇಳಿತವನ್ನು ಬಹುಪಾಲು ಉಂಡು ಮುಗಿಸಿರುವ ಹಳೆಯ ಕಾರಿನ ಬೆಲೆ ಆಮೇಲೆ ಇಳಿಯುವುದು ನಿಧಾನವಾಗಿಯೆ. ಅದಲ್ಲದೆ, 2008 ಮತ್ತು 2009ರ ಪೋರ್ಷೆಗಳ ಭೇದವನ್ನು ಅರಿತ ಗಿರಾಕಿ ಆ ಭೇದಕ್ಕೆ ಬೆಲೆ ಕೊಡುತ್ತಾನೆ. ಪೇಟೆಯೂ ಪೂರ್ತಿ ಕುರುಡಲ್ಲ.

ಎರಡನೆಯ ಆಕ್ಷೇಪ ಕಾಲಧರ್ಮದ್ದು. ಓಡಲಿ ಓಡದಿರಲಿ, ರಬ್ಬರೂ ಪ್ಲಾಸ್ಟಿಕ್ಕೂ ತಂತಿಗಳೂ ವಯಸ್ಸಿಗೆ ಶರಣಾಗುತ್ತವೆಯಷ್ಟೆ? ಆಗುತ್ತವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಬಗೆಯ ಜೀರ್ಣತೆ ಬಹುಮಟ್ಟಿಗೆ ಲೆಕ್ಕಕ್ಕೆ ಸಿಕ್ಕುವಂಥದು. ಹೋಸುಗಳು, ಬುಷ್ಷುಗಳು, ಟೈರುಗಳು, ನೀರಿನ ಪಂಪು ಇವುಗಳ ಬೆಲೆಯನ್ನೂ ಶುವೈಖಿನ ಗ್ಯಾರೇಜಿನ ಕೂಲಿಯನ್ನೂ ಮೊದಲೇ ವಿಚಾರಿಸಿ ಕಾರಿನ ಬೆಲೆಗೆ ಕೂಡಿಸಬಹುದು. ರಚನೆಯ ದೋಷದಿಂದ ಎಂಜಿನು ಒಡೆದರೆ ಬರುವ ಖರ್ಚು ಹಾಗೆ ಮುಂಚಿತವಾಗಿ ಅಳತೆಗೆ ಸಿಕ್ಕುವುದಿಲ್ಲ. ತಿಳಿದ ಖರ್ಚು ಹೆಚ್ಚಾಗಿದ್ದರೂ, ತಿಳಿಯದ ಆಪತ್ತಿಗಿಂತ ಅದನ್ನು ಆರಿಸಿಕೊಳ್ಳುವುದು ವಿವೇಕ. 95 ಆಕ್ಟೇನಿನ ಪೆಟ್ರೋಲನ್ನು ಲೀಟರಿಗೆ 105 ಫಿಲ್ಸಿನಂತೆ ಕೊಳ್ಳುವ ಈ ದೇಶದಲ್ಲಿ ಸ್ಪೋರ್ಟ್ಸ್ ಕಾರಿನ ಭಾರವೆಲ್ಲ ಇಂಧನದ ಮೇಲಲ್ಲ, ದುರಸ್ತಿಯ ಮೇಲೆ ಬೀಳುತ್ತದೆಂಬುದನ್ನು ನೆನೆದರೆ ಈ ಮಾತು ಇನ್ನೂ ಗಟ್ಟಿಯಾಗುತ್ತದೆ.

ಮೂರನೆಯದು ಸರಳತೆಯ ಆಕ್ಷೇಪ: ಎಲ್ಲರೂ ಬೇರಿಂಗು ಗ್ಯಾಸ್ಕೆಟ್ಟುಗಳ ಪಂಡಿತರಾಗಲು ಸಾಧ್ಯವಿಲ್ಲ, ಸಾಮಾನ್ಯನಿಗೆ ಇಸವಿಯೆಂಬ ಒಂದು ಸುಲಭವಾದ ಗುರುತಾದರೂ ಬೇಡವೆ? ಗುರುತು ಬೇಕು. ಆದರೆ ಗುರುತು ಸುಲಭವಾಗಿದ್ದರೆ ಸಾಲದು, ಗುರಿಯ ಕಡೆಗೆ ತೋರಿಸಬೇಕು. ತಪ್ಪು ದಿಕ್ಕಿಗೆ ತೋರಿಸುವ ಕೈಮರಕ್ಕಿಂತ ಕೈಮರವಿಲ್ಲದಿರುವುದೇ ಮೇಲು, ಏಕೆಂದರೆ ಇಲ್ಲದಿದ್ದಾಗ ಮನುಷ್ಯನು ನಾಲ್ಕು ಜನರನ್ನು ಕೇಳುತ್ತಾನೆ. ಕೇಳಬೇಕಾದ ಪ್ರಶ್ನೆಗಳಾದರೂ ಬಹಳವಿಲ್ಲ, ಅವುಗಳಿಗೆ ಪಾಂಡಿತ್ಯವೂ ಬೇಡ, ಕ್ರಮವೊಂದೇ ಬೇಕು:

1. ಇಸವಿಯನ್ನಲ್ಲ, ಮೊದಲು ರಚನೆಯ ಕಾಲಖಂಡವನ್ನು ಆರಿಸಬೇಕು. ತನಗೆ ಬೇಕಾದ ಕಾರಿನ ಎಂಜಿನು ಯಾವ ಯಾವ ವರ್ಷ ಬದಲಾಯಿತು, ಪ್ರತಿಯೊಂದು ಖಂಡದ ಪ್ರಸಿದ್ಧವಾದ ದೋಷವೇನು ಎಂಬುದನ್ನು ಆ ಕಾರನ್ನು ಬಿಚ್ಚಿ ಕಟ್ಟಿ ಬಲ್ಲ ಮೆಕ್ಯಾನಿಕರಿಂದ ತಿಳಿದುಕೊಳ್ಳಬೇಕು.

2. ಆ ಖಂಡದೊಳಗೆ ಇಸವಿಯ ಹೆಚ್ಚುಕಡಿಮೆಗೆ ಹಣ ತೆರದೆ, ಸ್ಥಿತಿಗೆ ತೆರಬೇಕು. ಸರ್ವೀಸಿನ ದಾಖಲೆ, ರಶೀದಿಗಳು, ಹಿಂದಿನ ಒಡೆಯರ ಸಂಖ್ಯೆ ಇವು ಸ್ಥಿತಿಯ ಸಾಕ್ಷಿಗಳು.

3. ಕಾರು ಏಜೆನ್ಸಿಯಿಂದ ಬಂದುದೋ ಅಮೆರಿಕದಿಂದ ತರಿಸಿದ್ದೋ ಎಂಬುದನ್ನು ಷಾಸಿ ಸಂಖ್ಯೆಯಿಂದ ಖಚಿತಪಡಿಸಿಕೊಂಡು, ಅಪಘಾತ, ನೆರೆ, ಹಿಂದಕ್ಕೆ ಕರೆಸಿದ ಭಾಗಗಳ ವಿಚಾರವನ್ನು ಬೇರೆಯಾಗಿ ಪರಿಶೀಲಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ಕಡೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಕಡಿಮೆ ಓಡಿದೆಯೆಂದು ಮಾರುವವನು ಹೇಳುವ ಕಾರಿನಲ್ಲಿ ಅವು ಕೂಡ ಸಾಕ್ಷಿ ನುಡಿಯಬಲ್ಲವು.

4. ಮಾರುವವನಿಗೆ ಸಂಬಂಧವಿಲ್ಲದ ಗ್ಯಾರೇಜಿನಲ್ಲಿ, ಸಾಧ್ಯವಾದರೆ ಬೇಸಗೆಯ ನಡುಹಗಲಿನಲ್ಲಿ, ಎ.ಸಿ. ಹಾಕಿಕೊಂಡು ಓಡಿಸಿ ಪರೀಕ್ಷಿಸಬೇಕು. ಫೆಬ್ರವರಿಯ ತಂಪಿನಲ್ಲಿ ಮುಚ್ಚಿಹೋಗುವ ಎಷ್ಟೋ ದೋಷಗಳು ಜುಲೈಯಲ್ಲಿ ತಾವಾಗಿ ಹೊರಬರುತ್ತವೆ.

ಇಷ್ಟನ್ನು ಮಾಡಿದ ಮೇಲೆ ಎರಡು ಕಾರುಗಳು ಎಲ್ಲ ವಿಧದಲ್ಲಿಯೂ ಸಮಾನವಾಗಿ ನಿಂತರೆ, ಆಗ ಈಚಿನ ಇಸವಿಯದನ್ನು ಆರಿಸಿಕೊಳ್ಳುವುದು ನಿರಾಕ್ಷೇಪಣೀಯ. ಇಸವಿಗೆ ಈ ವಿಚಾರದಲ್ಲಿ ಸಲ್ಲುವ ಸ್ಥಾನ ಅದು: ಕಡೆಯಲ್ಲಿ ತೂಕ ಸರಿಸಮವಾದಾಗ ತಕ್ಕಡಿಯನ್ನು ಬಾಗಿಸುವ ಸ್ಥಾನ, ಮೊದಲಿಗೇ ತೀರ್ಪು ಕೊಡುವ ಸ್ಥಾನವಲ್ಲ. ಪೂರ್ವಪಕ್ಷದಲ್ಲಿ ಅಸತ್ಯವಿದೆಯೆಂದು ನಾನು ಹೇಳುವುದಿಲ್ಲ. ಅದರಲ್ಲಿರುವ ಸತ್ಯವು ತನ್ನ ಮೇರೆಯನ್ನು ಮೀರಿ ನಿಂತಿದೆಯೆಂದು ಮಾತ್ರ ಹೇಳುತ್ತೇನೆ. ಕುವೈತ್ ಕನ್ನಡ ಕೂಟ, ತುಳು ಕೂಟಗಳಂಥ ಬಳಗಗಳಲ್ಲಿ ಹೊಸದಾಗಿ ಬಂದ ಹುಡುಗರು ಹಿರಿಯರನ್ನು ಅಣ್ಣನೆಂದು, ಮಾಮನೆಂದು ನಂಬಿ ಇಂಥ ಸಲಹೆ ಕೇಳುತ್ತಾರೆ, ಮತ್ತು ಕೇಳುವುದು ತಮ್ಮ ಹಲವು ವರ್ಷಗಳ ಉಳಿತಾಯವನ್ನು ಪಣಕ್ಕಿಟ್ಟು. ಅವರಿಗೆ ಒಂದು ಇಸವಿಯನ್ನು ಹೇಳಿ ಕಳುಹಿಸುವುದು ಸುಲಭ. ಆದರೆ ಅದರಿಂದ ಅವರ ವಿಚಾರಶಕ್ತಿಗೆ ನಾವು ಸಹಾಯ ಮಾಡಿದಂತಾಗಲಿಲ್ಲ, ಅದರ ಬದಲಿಗೆ ಒಂದು ಅಂಕಿಯನ್ನು ಕೂರಿಸಿದಂತಾಯಿತು. ರಚನೆಯನ್ನು ಜಾತಿಯಲ್ಲಿಯೂ ಸ್ಥಿತಿಯನ್ನು ವ್ಯಕ್ತಿಯಲ್ಲಿಯೂ ಹುಡುಕುವ ಕ್ರಮವನ್ನು ಕಲಿಸಿಕೊಟ್ಟರೆ, ಅವರು ಕೊಳ್ಳುವ ಕಾರು ಯಾವ ಇಸವಿಯದೇ ಆಗಲಿ, ಆ ನಿರ್ಧಾರ ಅವರದೇ ಆಗಿರುತ್ತದೆ, ಮತ್ತು ಅದಕ್ಕೆ ಅವರು ಕಾರಣ ಕೊಡಬಲ್ಲವರಾಗಿರುತ್ತಾರೆ.